ಟಾಮ್, ಡಿಕ್, ಹ್ಯಾರಿ ಮತ್ತು ಜಂಟಿ ಕಾರ್ಯದರ್ಶಿ

2025ರ ಜುಲೈ 1. ಪೋಸ್ಟ್ ತೆಗೆಯಿರಿ ಅಂತ ಸರ್ಕಾರ ಕಳಿಸುವ ನೋಟಿಸುಗಳನ್ನು ಪ್ರಶ್ನಿಸಿದ್ದ ಎಕ್ಸ್ ಕಂಪನಿಯ ಪರ ಕರ್ನಾಟಕ ಹೈಕೋರ್ಟಿನಲ್ಲಿ ಹಿರಿಯ ವಕೀಲ ಕೆ.ಜಿ. ರಾಘವನ್ ವಾದ ಮಾಡುತ್ತಿದ್ದರು. ಎಕ್ಸ್ ಅಂದರೆ ಹಳೇ ಟ್ವಿಟರ್. ಒಬ್ಬ ಹೆಂಗಸು ರೈಲು ಹಳಿ ಮೇಲೆ ಕಾರು ಓಡಿಸಿದ ವಿಡಿಯೊ ಒಂದು ಓಡಾಡುತ್ತಿತ್ತಲ್ಲ, ಅದನ್ನು ತೆಗೆಯಿರಿ ಅಂತ ರೈಲ್ವೆಯವರು ನೋಟಿಸ್ ಕಳಿಸಿದ್ದರು. ಸರ್ಕಾರದ ಪ್ರತಿಯೊಬ್ಬ ಟಾಮ್, ಡಿಕ್, ಹ್ಯಾರಿ ಅಧಿಕಾರಿಯೂ ಹೀಗೆ ನೋಟಿಸ್ ಕಳಿಸುತ್ತಾ ಹೋದರೆ ನಮ್ಮ ಗತಿ ಏನು ಎಂಬರ್ಥದಲ್ಲಿ ರಾಘವನ್ ಕೇಳಿದರು. ಕೇಂದ್ರದ ಪರ ಇದ್ದ ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾಗೆ ಸಿಟ್ಟು ಬಂತು. ಅವರು ಟಾಮೂ ಅಲ್ಲ, ಡಿಕ್ಕೂ ಅಲ್ಲ, ಕಾನೂನು ಕೊಟ್ಟ ಅಧಿಕಾರ ಇರುವ ಅಧಿಕಾರಿಗಳು, ವಿದೇಶಿ ಕಂಪನಿಗೆ ಇಷ್ಟೊಂದು ಅಹಂಕಾರ ಇರಬಾರದು ಅಂದರು.

ವಾದ ಕನ್ನಡದಲ್ಲಿ ನಡೆದಿದ್ದರೆ ರಾಘವನ್ ಬಹುಶಃ 'ದಾರೀಲಿ ಹೋಗೋ ದಾಸಯ್ಯನೆಲ್ಲ' ಅಂತಿದ್ದರು. ದಾಸಯ್ಯನೊಬ್ಬನನ್ನು ಬಿಟ್ಟು ಯಾರಿಗೂ ಬೇಜಾರಾಗುತ್ತಿರಲಿಲ್ಲ. ಆದರೆ ಇಂಗ್ಲಿಷಿನಲ್ಲಿ ಬಂದ ಆ ಮಾತು ಮರುದಿನ ಎಲ್ಲ ಪೇಪರಿನಲ್ಲೂ ಬಂತು. ಅದಾದ ಮೇಲೆ ನಾಲ್ಕು ತಿಂಗಳು ಕಳೆಯುವ ಮೊದಲೇ ಕೇಂದ್ರ ಸರ್ಕಾರ ನಿಯಮಕ್ಕೆ ತಿದ್ದುಪಡಿ ತಂದು, ಇನ್ನು ಮುಂದೆ ಇಂಥ ನೋಟಿಸಿಗೆ ಜಂಟಿ ಕಾರ್ಯದರ್ಶಿ ದರ್ಜೆಯವರೇ ಸಹಿ ಹಾಕಬೇಕು ಅಂತ ಮಾಡಿತು. ಅಷ್ಟರಲ್ಲಿ ಕೇಸು ಸರ್ಕಾರದ ಕಡೆ ಆಗಿತ್ತು. ಅಂದರೆ ಗೆದ್ದವರು ಸೋತವರ ಮಾತನ್ನು ಅರ್ಧ ಒಪ್ಪಿಕೊಂಡರು. ಇದು ಹೇಗಾಯಿತು, ಇದರಲ್ಲಿ ನಿಮಗೂ ನನಗೂ ಏನು ಸಂಬಂಧ ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಕಡೆ ಹಳೇ ಹೋಟೆಲುಗಳಲ್ಲಿ, ಕಟಿಂಗ್ ಶಾಪುಗಳಲ್ಲಿ ಒಂದು ಬೋರ್ಡ್ ಇರುತ್ತಿತ್ತು. 'ಇಲ್ಲಿ ರಾಜಕೀಯ ಮಾತನಾಡಬಾರದು.' ಕೆಲವು ಕಡೆ ಈಗಲೂ ಇದೆ. ಯಜಮಾನನಿಗೆ ರಾಜಕೀಯದ ಮೇಲೆ ಸಿಟ್ಟೇನೂ ಇರುವುದಿಲ್ಲ. ನಾಲ್ಕು ಜನ ಮಾತಾಡಿ, ಮಾತು ಬೆಳೆದು, ಯಾರೋ ಯಾರ ಮೇಲೋ ಲೋಟ ಎಸೆದು, ಕೊನೆಗೆ ಪೊಲೀಸರು ಬಂದು ಯಜಮಾನನನ್ನೇ ಸ್ಟೇಷನ್ನಿಗೆ ಕರೆದುಕೊಂಡು ಹೋದರೆ ಆ ದಿನದ ಇಡ್ಲಿ ಹಿಟ್ಟು ಹುಳಿ ಬರುತ್ತದೆ, ಅಷ್ಟೇ ಅವನ ಚಿಂತೆ. ಒಂದು ಬೋರ್ಡು ಹಾಕೋಕೆ ಖರ್ಚು ಕಮ್ಮಿ. ಮಾತಾಡುವವನ ಹಕ್ಕು ಕಾಯೋಕೆ ಖರ್ಚು ಜಾಸ್ತಿ.

ಇಂಟರ್ನೆಟ್ಟಿನ ಯಜಮಾನರಿಗೂ ಇದೇ ಭಯ ಬಂದದ್ದು 2004ರಲ್ಲಿ. ಆಗ ಬಾಝೀ ಡಾಟ್ ಕಾಮ್ ಅಂತ ಒಂದು ಹರಾಜಿನ ತಾಣ ಇತ್ತು. ಯಾರೋ ಒಬ್ಬ ಅದರಲ್ಲಿ ಅಶ್ಲೀಲ ವಿಡಿಯೊ ಒಂದನ್ನು ಮಾರಾಟಕ್ಕಿಟ್ಟ. ಪೊಲೀಸರು ತಾಣದ ಮುಖ್ಯಸ್ಥ ಅವನೀಶ್ ಬಜಾಜ್ ಅವರನ್ನೇ ಬಂಧಿಸಿದರು. ಆ ಕೇಸಿನಿಂದ ಅವರು ಪೂರ್ತಿ ಬಿಡಿಸಿಕೊಂಡದ್ದು 2012ರಲ್ಲಿ, ಅದೂ ಸುಪ್ರೀಂ ಕೋರ್ಟಿನಲ್ಲಿ. ಅಷ್ಟರಲ್ಲಿ, 2008ರಲ್ಲಿ ಐಟಿ ಕಾಯ್ದೆಗೆ ತಿದ್ದುಪಡಿ ಬಂದು ಇವತ್ತು ನಾವು ನೋಡುವ 79ನೇ ಸೆಕ್ಷನ್ ರೂಪ ಪಡೆಯಿತು. ಅದು ಹೇಳುವುದು ಸರಳ: ಗಿರಾಕಿ ಆಡಿದ ಮಾತಿಗೆ ಹೋಟೆಲ್ ಯಜಮಾನ ಹೊಣೆ ಅಲ್ಲ. ಆದರೆ ಇದೇ ಸೆಕ್ಷನ್ನಿನ ಕೆಳಗೆ 79(3)(ಬಿ) ಅಂತ ಒಂದು ಷರತ್ತು ಇದೆ. ಕಾನೂನುಬಾಹಿರ ಮಾತು ನಡೆಯುತ್ತಿದೆ ಅಂತ ಗೊತ್ತಾದ ಮೇಲೂ, ಅಥವಾ ಸರ್ಕಾರ ಇಲ್ಲವೇ ಅದರ ಏಜೆನ್ಸಿ ತಿಳಿಸಿದ ಮೇಲೂ ಸುಮ್ಮನೆ ಕೂತರೆ ಆ ರಕ್ಷಣೆ ಹೋಗುತ್ತದೆ.

ಈ 'ತಿಳಿಸಿದ ಮೇಲೂ' ಅನ್ನುವ ಮಾತಿನ ಮೇಲೇ ಇಡೀ ಜಗಳ ನಿಂತಿರುವುದು.

ಸರ್ಕಾರದ ಕೈಯಲ್ಲಿ ಇನ್ನೊಂದು ಅಸ್ತ್ರ ಇದೆ, ಅದೇ ಕಾಯ್ದೆಯ 69ಎ ಸೆಕ್ಷನ್. ಅದು ನೇರವಾಗಿ 'ಬ್ಲಾಕ್ ಮಾಡಿ' ಅಂತ ಹೇಳುವ ಅಧಿಕಾರ. ಆದರೆ ಅದಕ್ಕೆ ಕಟ್ಟುಪಾಡು ಇದೆ. ದೇಶದ ಭದ್ರತೆ, ಸಾರ್ವಭೌಮತೆ, ಸಾರ್ವಜನಿಕ ಶಾಂತಿ, ಹೀಗೆ ಕೆಲವೇ ಕಾರಣ. ಒಂದು ಸಮಿತಿ ಕೂತು ನೋಡಬೇಕು, ಕಾರಣ ಬರೆದಿಡಬೇಕು. ತೊಂದರೆ ಏನೆಂದರೆ ಅದೆಲ್ಲ ಗುಟ್ಟಾಗಿ ನಡೆಯುತ್ತದೆ. ನಿಯಮದಲ್ಲೇ ಗೌಪ್ಯತೆ ಕಾಪಾಡಬೇಕು ಅಂತ ಬರೆದಿದೆ. ಆದರೂ ಅಷ್ಟಾದರೂ ಒಂದು ಕ್ರಮ ಇದೆ ಅನ್ನಿ.

2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ಕೆಲಸ ಮಾಡಿತು. ಇಂಟರ್ನೆಟ್ಟಿನಲ್ಲಿ ಮನಸ್ಸಿಗೆ ಚುಚ್ಚುವಂಥದ್ದು ಬರೆದರೆ ಜೈಲು ಅನ್ನುತ್ತಿದ್ದ 66ಎ ಸೆಕ್ಷನ್ನನ್ನು ಹೊಡೆದುಹಾಕಿತು. 69ಎ ಸರಿ ಇದೆ, ಯಾಕೆಂದರೆ ಅದಕ್ಕೆ ಕಟ್ಟುಪಾಡು ಇದೆ ಅಂದಿತು. 79(3)(ಬಿ)ಯನ್ನು ಉಳಿಸಿ ಅದರ ಅರ್ಥ ಕಿರಿದು ಮಾಡಿತು: ಕೋರ್ಟಿನ ಆದೇಶ ಬಂದರೆ, ಅಥವಾ ಸರ್ಕಾರ ತಿಳಿಸಿದರೆ ಮಾತ್ರ ಕಂಪನಿಗೆ 'ಗೊತ್ತಾಯಿತು' ಅಂತ ಲೆಕ್ಕ, ಅದೂ ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕೋಕೆ ಸಂವಿಧಾನದ 19(2)ರಲ್ಲಿ ಹೇಳಿದ ಕಾರಣಗಳ ಒಳಗೆ. 66ಎ ಕಥೆ ಗೊತ್ತಲ್ಲ? 2012ರಲ್ಲಿ ಬಾಳ ಠಾಕ್ರೆ ತೀರಿಹೋದಾಗ ಮುಂಬೈ ಬಂದ್ ಆಗಿದ್ದರ ಬಗ್ಗೆ ಪಾಲ್ಘರಿನ ಒಬ್ಬ ಹುಡುಗಿ ಫೇಸ್‌ಬುಕ್ಕಿನಲ್ಲಿ ಬರೆದಳು, ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಬಂಧಿಸಿದರು. ಲೈಕ್ ಒತ್ತಿದ್ದಕ್ಕೆ! (ಇದರ ಉಪಕಥೆ ಇನ್ನೂ ಚೆನ್ನಾಗಿದೆ. ಸೆಕ್ಷನ್ ಸತ್ತು ಆರು ವರ್ಷ ಆದಮೇಲೂ ದೇಶದ ಠಾಣೆಗಳಲ್ಲಿ ಅದರಡಿ ಕೇಸು ಹಾಕುತ್ತಲೇ ಇದ್ದರು. 2021ರಲ್ಲಿ ಸುಪ್ರೀಂ ಕೋರ್ಟಿಗೆ ಇದು ಗೊತ್ತಾಗಿ ಆಘಾತ ವ್ಯಕ್ತಪಡಿಸಿತು. ಸತ್ತವರ ಹೆಸರಲ್ಲಿ ಪಿಂಚಣಿ ತಗೊಳ್ಳೋದು ಕೇಳಿದ್ದೆವು, ಸತ್ತ ಕಾನೂನಿನ ಹೆಸರಲ್ಲಿ ಎಫ್‌ಐಆರ್ ಅದೇ ಮೊದಲು.)

ಈಗ ಸಹಯೋಗ ಪೋರ್ಟಲ್ಲಿಗೆ ಬರೋಣ. ಹಿಂದಿಯಲ್ಲಿ 'ಸಹ್ಯೋಗ್'. ಗೃಹ ಸಚಿವಾಲಯದಡಿಯ ಸೈಬರ್ ಅಪರಾಧ ಸಮನ್ವಯ ಕೇಂದ್ರ, ಅಂದರೆ ಐ4ಸಿ, ಇದನ್ನು 2024ರಲ್ಲಿ ಶುರು ಮಾಡಿತು. ಕೇಂದ್ರದ ಇಲಾಖೆ, ರಾಜ್ಯದ ಪೊಲೀಸರು, ಕಂಪನಿಗಳು ಎಲ್ಲರೂ ಒಂದೇ ಕಿಟಕಿಯಲ್ಲಿ. ಅಧಿಕಾರಿ ಲಿಂಕ್ ಹಾಕುತ್ತಾರೆ, 79(3)(ಬಿ) ಅಂತ ಬರೆಯುತ್ತಾರೆ, ಕಳಿಸುತ್ತಾರೆ. ಕಂಪನಿಯವರು ನಿಯಮದಲ್ಲಿ ಹೇಳಿದ ಗಂಟೆಯೊಳಗೆ ತೆಗೆಯಬೇಕು. ಇಲ್ಲದಿದ್ದರೆ ರಕ್ಷಣೆ ಹೋಯಿತು. ಇದರಲ್ಲಿ 69ಎಗೆ ಇರುವ ಸಮಿತಿ ಇಲ್ಲ, ಆ ಸುತ್ತು ಬಳಸು ಇಲ್ಲ.

ಕೆಲಸ ಹೇಗೆ ನಡೆಯಿತು ಅಂತ ಒಂದು ಉದಾಹರಣೆ ಸಾಕು. 2025ರ ಫೆಬ್ರವರಿ 15ರಂದು ನವದೆಹಲಿ ರೈಲು ನಿಲ್ದಾಣದಲ್ಲಿ ಕುಂಭಮೇಳಕ್ಕೆ ಹೊರಟವರ ನೂಕುನುಗ್ಗಲಿನಲ್ಲಿ 18 ಜನ ಸತ್ತರು. ಕೆಲವೇ ದಿನದಲ್ಲಿ ರೈಲ್ವೆ ಸಚಿವಾಲಯ ಎಕ್ಸ್‌ಗೆ ನೋಟಿಸ್ ಕಳಿಸಿತು. ಆ ಘಟನೆಯ ವಿಡಿಯೊ ಇರುವ 285 ಲಿಂಕುಗಳನ್ನು 36 ಗಂಟೆಯಲ್ಲಿ ತೆಗೆಯಿರಿ ಅಂತ. ಹೆಣಗಳ ವಿಡಿಯೊ ಹಂಚುವುದು ಚೆನ್ನಾಗಿರಲ್ಲ, ಒಪ್ಪಿದೆ. ಸತ್ತವರ ಮನೆಯವರು ಫೋನ್ ತೆರೆದರೆ ಅದೇ ಕಾಣಿಸುವುದು ಇನ್ನೂ ಕೆಟ್ಟದ್ದು. ಆದರೆ ಯಾವ ನಿಲ್ದಾಣದಲ್ಲಿ ವ್ಯವಸ್ಥೆ ಕೈಕೊಟ್ಟಿತೋ, ಆ ನಿಲ್ದಾಣ ನಡೆಸುವವರೇ ಕೂತು ಯಾವ ವಿಡಿಯೊ ಜನ ನೋಡಬೇಕು, ಯಾವುದು ನೋಡಬಾರದು ಅಂತ ತೀರ್ಮಾನ ಮಾಡುವುದು ಒಂದು ಥರ ಮಜವಾಗಿದೆ ಅಲ್ವಾ? ಸಾಂಬಾರಿನಲ್ಲಿ ಜಿರಲೆ ಸಿಕ್ಕಿತು ಅಂತ ಗಿರಾಕಿ ಕೂಗಿದರೆ, ಕೂಗಿದ್ದು ತಪ್ಪೋ ಸರಿಯೋ ಅಂತ ಅಡುಗೆ ಭಟ್ಟರನ್ನೇ ಕೇಳಿದ ಹಾಗೆ.

ಎಕ್ಸ್ 2025ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟಿಗೆ ಬಂತು. ಅದರ ವಾದ ಇಷ್ಟು: 79 ಅನ್ನುವುದು ನನಗೆ ಕೊಟ್ಟ ಕೊಡೆ. ಯಾವಾಗ ಆ ಕೊಡೆ ಕಿತ್ತುಕೊಳ್ಳಬಹುದು ಅಂತ (3)(ಬಿ) ಹೇಳುತ್ತದೆ, ಅಷ್ಟೇ. ಅದನ್ನೇ ಹಿಡಿದುಕೊಂಡು ಸರ್ಕಾರ ಆದೇಶ ಹೊರಡಿಸೋಕೆ ಆಗಲ್ಲ. ಆದೇಶ ಬೇಕಾದರೆ 69ಎ ಬಾಗಿಲಿನಿಂದ ಬನ್ನಿ. ಸರ್ಕಾರದ ವಾದ: ತಿಳಿಸುವುದಕ್ಕೆ ಕಾಯ್ದೆಯಲ್ಲೇ ಜಾಗ ಇದೆ, ನಾವು ತಿಳಿಸುತ್ತಿದ್ದೇವೆ. ತಿಳಿಸೋಕೆ ಒಂದು ಪೋರ್ಟಲ್ ಮಾಡಿದರೆ ಅದರಲ್ಲಿ ತಪ್ಪೇನು?

ಕಾನೂನಿನ ಮಟ್ಟಿಗೆ ನನಗೆ ಎಕ್ಸ್ ಮಾತೇ ಸರಿ ಅನ್ನಿಸುತ್ತದೆ. ಮುಂಬಾಗಿಲಲ್ಲಿ ಕಾವಲುಗಾರನನ್ನು ಇಟ್ಟು, ಹಿತ್ತಲ ಬಾಗಿಲು ತೆರೆದಿಟ್ಟರೆ ಯಾರು ತಾನೇ ಮುಂಬಾಗಿಲಿಗೆ ಬರುತ್ತಾರೆ? 69ಎ ಸಂವಿಧಾನಬದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿದ್ದೇ ಆ ಕಾವಲುಗಾರ ಇದ್ದಾನೆ ಅನ್ನುವ ಕಾರಣಕ್ಕೆ.

ಆದರೆ ಎಕ್ಸ್‌ನ ಕಷ್ಟ ಏನೆಂದರೆ ಅದರ ಮುಖ ನೋಡಿ ಯಾರಿಗೂ ಅಯ್ಯೋ ಪಾಪ ಅನ್ನಿಸಲ್ಲ. 2023ರಲ್ಲಿ ಇದೇ ಕಂಪನಿ ಟ್ವಿಟರ್ ಆಗಿದ್ದಾಗ 69ಎ ಆದೇಶಗಳ ವಿರುದ್ಧ ಹಾಕಿದ್ದ ಅರ್ಜಿಯನ್ನು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ಜೂನ್ 30ರಂದು ವಜಾ ಮಾಡಿ, ಮೇಲಿಂದ 50 ಲಕ್ಷ ರೂಪಾಯಿ ದಂಡ ಹಾಕಿದ್ದರು. ನೀವೇನು ರೈತರಲ್ಲ, ಶತಕೋಟಿ ಡಾಲರಿನ ಕಂಪನಿ ಎಂಬರ್ಥದ ಮಾತೂ ಅವತ್ತು ಕೋರ್ಟಿನಲ್ಲಿ ಬಂತು. ಕಾನೂನು ಗೊತ್ತಿಲ್ಲ ಅಂತ ಹೇಳುವ ಹಾಗಿಲ್ಲ ಅಂತ.

ಮುಂದಿನ ದೃಶ್ಯ 2025ರ ಜುಲೈ 18ರದ್ದು. ಇದು ನನ್ನ ಮೆಚ್ಚಿನದ್ದು. ಮೆಹ್ತಾ ಅವರು ಕೋರ್ಟಿಗೆ ಒಂದು ಎಕ್ಸ್ ಖಾತೆ ತೋರಿಸಿದರು. ಹೆಸರು 'ಸುಪ್ರೀಂ ಕೋರ್ಟ್ ಆಫ್ ಕರ್ನಾಟಕ'. ತಾವೇ ತೆರೆಸಿದ ಖಾತೆ ಅದು, ಇಂಥ ಕೋರ್ಟೇ ಇಲ್ಲ, ಆದರೂ ಎಕ್ಸ್ ಅದಕ್ಕೆ ದೃಢೀಕರಣದ ಗುರುತು ಕೊಟ್ಟಿದೆ ನೋಡಿ ಅಂದರು. ಇದರಲ್ಲಿ ನಾನು ಏನು ಬೇಕಾದರೂ ಬರೆಯಬಹುದು, ಲಕ್ಷಾಂತರ ಜನ ಕರ್ನಾಟಕದ ಸುಪ್ರೀಂ ಕೋರ್ಟ್ ಹೀಗೆ ಹೇಳಿತಂತೆ ಅಂದುಕೊಳ್ಳುತ್ತಾರೆ ಅನ್ನುವುದು ಅವರ ಮಾತಿನ ಸಾರ. ರಾಘವನ್ ಎದ್ದು, ಹೀಗೆ ದಾಖಲೆಗೆ ಸಲ್ಲಿಸದೆ ತೋರಿಸುವಂತಿಲ್ಲ ಅಂತ ತಕರಾರು ತೆಗೆದರು. ಖಾತೆಯನ್ನು ಎಕ್ಸ್ ಆಮೇಲೆ ಮುಚ್ಚಿತು.

ಸುಮ್ನೆ ಯೋಚನೆ ಮಾಡಿ. ದೇಶದ ಎರಡನೇ ಅತಿ ದೊಡ್ಡ ಕಾನೂನು ಅಧಿಕಾರಿಯ ಕಡೆಯವರು ಕೂತು, ಇಲ್ಲದ ಕೋರ್ಟಿನ ಹೆಸರಲ್ಲಿ ಖಾತೆ ತೆರೆದಿದ್ದಾರೆ. ಇದೇ ಕೆಲಸವನ್ನು ದಾವಣಗೆರೆಯ ಒಬ್ಬ ಬಿ.ಕಾಂ. ಹುಡುಗ ತಮಾಷೆಗೆ ಮಾಡಿದ್ದರೆ ಅವನ ಮನೆ ಮುಂದೆ ಸಂಜೆಯೊಳಗೆ ಜೀಪು ನಿಂತಿರುತ್ತಿತ್ತು. ಆದರೂ ಮೆಹ್ತಾ ಅವರ ಗುರಿ ತಪ್ಪಿರಲಿಲ್ಲ. ಎಲಾನ್ ಮಸ್ಕ್ 2022ರಲ್ಲಿ 44 ಶತಕೋಟಿ ಡಾಲರ್ ಕೊಟ್ಟು ಟ್ವಿಟರ್ ಕೊಂಡ ಮೇಲೆ ನೀಲಿ ಗುರುತು ಅನ್ನುವುದು ತಿಂಗಳ ಬಾಡಿಗೆಗೆ ಸಿಗುವ ಸರಕಾಯಿತು. ಹಿಂದೆ ಅದು 'ಇವರು ಇವರೇ' ಅನ್ನುತ್ತಿತ್ತು, ಈಗ 'ಇವರು ದುಡ್ಡು ಕೊಟ್ಟಿದ್ದಾರೆ' ಅನ್ನುತ್ತದೆ. ಅದನ್ನು ಮಾರುವ ಕಂಪನಿ ವಾಕ್ ಸ್ವಾತಂತ್ರ್ಯದ ಧ್ವಜ ಹಿಡಿದು ಬಂದರೆ ನಗು ಬರುವುದು ಸಹಜ. ಆಮೇಲೆ 2026ರ ಜನವರಿಯಲ್ಲಿ ಅದರದ್ದೇ ಎಐ ಬಾಟ್ ಗ್ರೋಕ್ ಹೆಂಗಸರ ಫೋಟೊಗಳನ್ನು ಕೇಳಿದವರಿಗೆಲ್ಲ ಅಸಭ್ಯವಾಗಿ ತಿದ್ದಿಕೊಟ್ಟ ವಿಷಯಕ್ಕೆ ಐಟಿ ಸಚಿವಾಲಯ ನೋಟಿಸ್ ಕೊಟ್ಟಾಗಂತೂ ಧ್ವಜಕ್ಕೆ ಇದ್ದ ಮರ್ಯಾದೆಯೂ ಹೋಯಿತು.

2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಅರ್ಜಿ ವಜಾ ಮಾಡಿದರು. ಸಹಯೋಗ ಪೋರ್ಟಲ್ ಸಾರ್ವಜನಿಕ ಒಳಿತಿನ ಸಾಧನ, ಸಾಮಾಜಿಕ ಜಾಲತಾಣವನ್ನು ಲಂಗುಲಗಾಮಿಲ್ಲದೆ ಬಿಡಲಾಗದು, ಅಮೆರಿಕದ ನ್ಯಾಯಶಾಸ್ತ್ರವನ್ನು ತಂದು ಇಲ್ಲಿ ನೆಡಲಾಗದು ಅಂದರು. ಅಮೆರಿಕದಲ್ಲಿ 2025ರ ಮೇ ತಿಂಗಳಲ್ಲಿ ಬಂದ 'ಟೇಕ್ ಇಟ್ ಡೌನ್' ಕಾನೂನನ್ನು ಎಕ್ಸ್ ಪಾಲಿಸುತ್ತದೆ, ಇಲ್ಲಿನ ಆದೇಶಕ್ಕೆ ಮಾತ್ರ ತಲೆ ಬಾಗಲ್ಲವಾ ಅಂತಲೂ ಕೇಳಿದರು. ಅದು ಚುರುಕಾದ ಪ್ರಶ್ನೆ, ಆದರೆ ಹೋಲಿಕೆ ಅಷ್ಟು ಸರಿ ಇಲ್ಲ. ಅಮೆರಿಕದ ಆ ಕಾನೂನು ಒಪ್ಪಿಗೆ ಇಲ್ಲದೆ ಹಾಕಿದ ಖಾಸಗಿ ಚಿತ್ರಗಳಿಗೆ ಸಂಬಂಧಿಸಿದ್ದು, ದೂರು ಕೊಡಬೇಕಾದವರು ಅದರಿಂದ ನೊಂದವರು. ನಮ್ಮ ಪೋರ್ಟಲ್ಲಿನಲ್ಲಿ ಇಲಾಖೆಯೇ ದೂರು ಕೊಟ್ಟು, ಇಲಾಖೆಯೇ ತೆಗೆಯಿರಿ ಅನ್ನಬಹುದು.

ತೀರ್ಪಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಮಾತು. 19ನೇ ವಿಧಿಯ ವಾಕ್ ಸ್ವಾತಂತ್ರ್ಯ ನಾಗರಿಕರಿಗೆ ಮಾತ್ರ ಇರುವುದು, ವಿದೇಶಿ ಕಂಪನಿ ಅದನ್ನು ಕೇಳುವಂತಿಲ್ಲ. ಪುಸ್ತಕದ ಪ್ರಕಾರ ಇದು ಸರಿ, ವಿಧಿಯಲ್ಲಿ 'ಎಲ್ಲ ನಾಗರಿಕರು' ಅಂತಲೇ ಇದೆ. ಸರಿ, ಹಾಗಾದರೆ ನಾಗರಿಕ ಕೇಳಬಹುದು. ಆ 285 ಲಿಂಕು ಹಾಕಿದವರಲ್ಲಿ ಯಾರಾದರೂ ಕೇಳಬಹುದು. ಆದರೆ ನೋಟಿಸ್ ಹೋಗುವುದು ಕಂಪನಿಗೆ. ಪೋಸ್ಟ್ ಹಾಕಿದವನಿಗೆ ಕಾರಣ ತಿಳಿಸಬೇಕು ಅಂತ ಆ ದಾರಿಯಲ್ಲಿ ಎಲ್ಲೂ ಇಲ್ಲ. ಹಕ್ಕು ಇರುವವನಿಗೆ ವಿಷಯ ಗೊತ್ತಿಲ್ಲ, ವಿಷಯ ಗೊತ್ತಿರುವವನಿಗೆ ಹಕ್ಕಿಲ್ಲ. ಇಷ್ಟು ಅಚ್ಚುಕಟ್ಟಾದ ಏರ್ಪಾಡನ್ನು ಬೇಕಂತಲೇ ಮಾಡೋಕೆ ಹೋಗಿದ್ದರೂ ಆಗುತ್ತಿರಲಿಲ್ಲ.

ನನ್ನದೇ ಒಂದು ಪುಟ್ಟ ಕಥೆ ಹೇಳುತ್ತೇನೆ. ಇದಕ್ಕೂ ಸರ್ಕಾರಕ್ಕೂ ಸಂಬಂಧ ಇಲ್ಲ. ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ಅಜ್ಜಿಯ ಈಳಿಗೆ ಮಣೆ ಸಿಕ್ಕಿತು. ಹಲಸಿನ ಮರದ್ದು, ತುದಿಯಲ್ಲಿ ಕಾಯಿ ತುರಿಯೋಕೆ ಹಲ್ಲು ಬೇರೆ. ಫೋಟೊ ತೆಗೆದು ಒಂದು ಆ್ಯಪಿನಲ್ಲಿ 'ಅಜ್ಜಿಯ ಈಳಿಗೆ ಮಣೆ, ಯಾರಿಗಾದರೂ ಬೇಕಾ?' ಅಂತ ಹಾಕಿದೆ. ಹತ್ತು ನಿಮಿಷಕ್ಕೆ ಪೋಸ್ಟ್ ಮಾಯ. ಶಸ್ತ್ರಾಸ್ತ್ರ ಮಾರಾಟಕ್ಕೆ ನಮ್ಮಲ್ಲಿ ಅವಕಾಶ ಇಲ್ಲ ಅಂತ ಸಂದೇಶ. ಮೇಲ್ಮನವಿ ಗುಂಡಿ ಒತ್ತಿದೆ. ಎರಡೇ ನಿಮಿಷದಲ್ಲಿ, ನಿಮ್ಮ ಮನವಿಯನ್ನು ಮರುಪರಿಶೀಲಿಸಿದ್ದೇವೆ, ನಮ್ಮ ನಿರ್ಧಾರ ಬದಲಾಗಿಲ್ಲ ಅಂತ ಬಂತು. ಎರಡು ನಿಮಿಷದಲ್ಲಿ ಯಾವ ಮನುಷ್ಯನೂ ಈಳಿಗೆ ಮಣೆ ಅಂದರೇನು ಅಂತ ತಿಳಿದುಕೊಳ್ಳಲಾರ. ಅಜ್ಜಿ ಇದ್ದಿದ್ದರೆ ಆ ಮಣೆ ಮೇಲೆ ಕೂತೇ ಬೈಯುತ್ತಿದ್ದಳು.

ಇದನ್ನು ಯಾಕೆ ಹೇಳಿದೆ ಅಂದರೆ, ಅಷ್ಟಾದರೂ ನನಗೆ ತಿಳಿಸಿದರು. ತಪ್ಪು ಕಾರಣ ಆದರೂ ಒಂದು ಕಾರಣ ಕೊಟ್ಟರು. ಹೆದರುವ ಯಜಮಾನ ಯಾವಾಗಲೂ ತೆಗೆಯುವ ಕಡೆಗೇ ವಾಲುತ್ತಾನೆ ಅನ್ನುವುದಕ್ಕೂ ಇದೇ ಸಾಕ್ಷಿ. ಉಳಿಸಿಕೊಂಡರೆ ಅಪಾಯ, ತೆಗೆದರೆ ಏನೂ ಇಲ್ಲ. ಹೋಟೆಲಿನ ಬೋರ್ಡಿನ ಲೆಕ್ಕವೇ ಇಲ್ಲೂ. ಈ ಲೆಕ್ಕಕ್ಕೆ ಸರ್ಕಾರದ ನೋಟಿಸೂ ಸೇರಿಕೊಂಡರೆ, ತೆಗೆಯದೆ ಉಳಿಸಿಕೊಳ್ಳೋಕೆ ಯಾವ ಕಂಪನಿಗೆ ತಾನೆ ಹುಚ್ಚು?

ತಿಳಿಸದೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ತನುಲ್ ಠಾಕೂರ್ ಅವರ ಕಥೆ ಇದೆ. 2011ರಲ್ಲಿ ಅವರು 'ಡೌರಿ ಕ್ಯಾಲ್ಕ್ಯುಲೇಟರ್' ಅಂತ ಒಂದು ತಾಣ ಮಾಡಿದರು. ಗಂಡಿನ ಜಾತಿ, ಓದು, ಕೆಲಸ, ಸಂಬಳ ಇವನ್ನೆಲ್ಲ ತುಂಬಿದರೆ ಇಷ್ಟು ವರದಕ್ಷಿಣೆ ಕೇಳಬಹುದು ಅಂತ ಲೆಕ್ಕ ಬರುತ್ತಿತ್ತು. ಅಪ್ಪಟ ವಿಡಂಬನೆ. ನೋಡಿದವರಿಗೆ ನಗು ಬಂದು ಆಮೇಲೆ ನಾಚಿಕೆ ಆಗಬೇಕು, ಹಾಗಿತ್ತು. 2018ರಲ್ಲಿ ಸರ್ಕಾರ ಅದನ್ನು 69ಎ ಅಡಿಯಲ್ಲಿ ಬ್ಲಾಕ್ ಮಾಡಿತು, ವರದಕ್ಷಿಣೆಗೆ ಪ್ರೋತ್ಸಾಹ ಕೊಡುತ್ತದೆ ಅಂತ. ಮಾಡಿದವರಿಗೆ ನೋಟಿಸ್ ಇಲ್ಲ, ಆದೇಶದ ಪ್ರತಿ ಇಲ್ಲ. ಕೇಳಿದರೆ ಅದು ಗೌಪ್ಯ. ಕೊನೆಗೆ ದೆಹಲಿ ಹೈಕೋರ್ಟ್ 2022ರ ಮೇ ತಿಂಗಳಲ್ಲಿ, ಅವರಿಗೆ ಆದೇಶದ ಪ್ರತಿ ಕೊಡಿ, ಕರೆದು ಅವರ ಮಾತು ಕೇಳಿ ಅಂತ ಹೇಳಬೇಕಾಯಿತು. ನಿಮ್ಮ ತಾಣಕ್ಕೆ ಯಾಕೆ ಬೀಗ ಬಿತ್ತು ಅಂತ ತಿಳಿಯೋಕೆ ಹೈಕೋರ್ಟಿಗೆ ಹೋಗಬೇಕು, ಅಷ್ಟರಲ್ಲಿ ಬೀಗ ಬಿದ್ದು ಸುಮಾರು ನಾಲ್ಕು ವರ್ಷ! ವಿಡಂಬನೆ ಮಾಡಿದವರ ಮೇಲೇ ವಿಡಂಬನೆ ನಡೆದುಹೋಯಿತು. ಇದು ಕಾವಲುಗಾರ ಇರುವ ಮುಂಬಾಗಿಲಿನ ಕಥೆ ಅನ್ನುವುದು ನೆನಪಿರಲಿ.

69ಎ ನಿಯಮದಲ್ಲಿ ನೋಟಿಸಿನ ಮಾತೇ ಇಲ್ಲ ಅಂತಲ್ಲ. 2009ರ ನಿಯಮಗಳ 8ನೇ ನಿಯಮದಲ್ಲಿ, ಮಾಹಿತಿ ಹಾಕಿದ 'ವ್ಯಕ್ತಿ ಅಥವಾ ಮಧ್ಯವರ್ತಿ'ಯನ್ನು ಗುರುತಿಸಿ ನೋಟಿಸ್ ಕೊಡಬೇಕು ಅಂತ ಇದೆ. ಮಧ್ಯವರ್ತಿ ಅಂದರೆ ಎಕ್ಸ್‌ನಂಥ ಕಂಪನಿ. ಎಲ್ಲ ಕಿತಾಪತಿ ಆ 'ಅಥವಾ'ದಲ್ಲಿ. ಸ್ಕೂಲಿನಲ್ಲಿ ಮೇಷ್ಟ್ರು 'ನಾಳೆ ಅಪ್ಪನನ್ನ ಅಥವಾ ಅಮ್ಮನನ್ನ ಕರ್ಕೊಂಡು ಬಾ' ಅಂದರೆ ಹುಡುಗ ಯಾರನ್ನು ಕರೆದುಕೊಂಡು ಹೋಗುತ್ತಾನೆ? ಕಮ್ಮಿ ಬೈಯುವವರನ್ನ. ಸರ್ಕಾರವೂ ಅದನ್ನೇ ಮಾಡುತ್ತದೆ. ಕಂಪನಿಗೆ ತಿಳಿಸಿದರೆ ನಿಯಮ ಪಾಲಿಸಿದ ಹಾಗಾಯಿತು, ವಾದ ಮಾಡುವ ನಾಗರಿಕನ ಸಹವಾಸವೇ ಬೇಡ. ಈ ಗೌಪ್ಯತೆ ಮತ್ತು ನೋಟಿಸಿನ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಗಿದೆ. 2025ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ಪೀಠ, ಹಾಕಿದವರು ಯಾರು ಅಂತ ಗೊತ್ತಾಗುವಂತಿದ್ದರೆ ಅವರಿಗೂ ನೋಟಿಸ್ ಹೋಗಬೇಕು ಅಂತ ಮೇಲ್ನೋಟಕ್ಕೆ ನಮಗೆ ಅನ್ನಿಸುತ್ತದೆ ಅಂದಿತ್ತು.

ಈಗ ಅಕ್ಟೋಬರ್ ತಿದ್ದುಪಡಿಗೆ ಬರೋಣ. ತೀರ್ಪು ಬಂದು ಒಂದು ತಿಂಗಳೂ ಆಗಿರಲಿಲ್ಲ. 2025ರ ಅಕ್ಟೋಬರ್ 22ರಂದು ಐಟಿ ಸಚಿವಾಲಯ 2021ರ ಐಟಿ ನಿಯಮಗಳಲ್ಲಿ ಈ ನೋಟಿಸಿನ ಬಗ್ಗೆ ಇರುವ ನಿಯಮ 3(1)(ಡಿ) ಬದಲಾಯಿಸಿತು, ಜಾರಿ ನವೆಂಬರ್ 15ರಿಂದ. ಜಂಟಿ ಕಾರ್ಯದರ್ಶಿ ಅಥವಾ ಅದಕ್ಕಿಂತ ಮೇಲಿನವರು, ಅವರಿಲ್ಲದ ಕಡೆ ನಿರ್ದೇಶಕ ದರ್ಜೆಯವರು, ಪೊಲೀಸರಾದರೆ ಡಿಐಜಿ ದರ್ಜೆಗೆ ಕಡಿಮೆ ಇಲ್ಲದವರು ಮಾತ್ರ ನೋಟಿಸ್ ಕಳಿಸಬೇಕು. ಯಾವ ಕಾನೂನು, ಯಾವ ಲಿಂಕು, ಯಾಕೆ ತಪ್ಪು ಅಂತ ಬಿಡಿಸಿ ಬರೆಯಬೇಕು. ತಿಂಗಳಿಗೊಮ್ಮೆ ಕಾರ್ಯದರ್ಶಿ ದರ್ಜೆಯವರು ಕೂತು ಎಲ್ಲವನ್ನೂ ನೋಡಬೇಕು. ಇದು ಸುಧಾರಣೆಯೇ, ಇಲ್ಲ ಅನ್ನಲ್ಲ. ಠಾಣೆಯ ಸಬ್ ಇನ್‌ಸ್ಪೆಕ್ಟರ್ ಟೇಬಲ್ ಮೇಲೆ ಕೂತು ಲಿಂಕು ತೆಗೆಸುವುದು ನಿಲ್ಲುತ್ತದೆ. ಟಾಮ್, ಡಿಕ್, ಹ್ಯಾರಿಗೆ ಬಡ್ತಿ ಸಿಕ್ಕಿತು ಅನ್ನಿ.

ಆದರೆ ಅಧಿಕಾರಿ ಎಷ್ಟೇ ಮೇಲಿನವರಾಗಲಿ, ಪೋಸ್ಟ್ ಹಾಕಿದವನು ಇದ್ದಲ್ಲೇ ಇದ್ದಾನೆ. ಅವನಿಗೆ ನೋಟಿಸ್ ಇಲ್ಲ. ತಿಂಗಳ ಪರಿಶೀಲನೆಯೂ ಸರ್ಕಾರದ ಮನೆಯೊಳಗಿನ ಮಾತು, ಇವನನ್ನು ಯಾರೂ ಕರೆಯುವುದಿಲ್ಲ. ಇದರ ಮೇಲೆ 2026ರ ಫೆಬ್ರವರಿಯಲ್ಲಿ ಎಐ ಚಿತ್ರ, ವಿಡಿಯೊಗಳಿಗೆ ಲೇಬಲ್ ಹಾಕಿಸುವ ನಿಯಮದ ಜೊತೆಗೆ ಇನ್ನೊಂದು ಬದಲಾವಣೆ ಬಂತು. ಆದೇಶ ಬಂದ 36 ಗಂಟೆಯಲ್ಲಿ ತೆಗೆಯಬೇಕು ಅಂತ ಇದ್ದದ್ದು 3 ಗಂಟೆ ಆಯಿತು. ಡೀಪ್‌ಫೇಕ್ ವಿಡಿಯೊ ಒಂದು ಹುಡುಗಿಯ ಬದುಕು ಹಾಳು ಮಾಡೋಕೆ ಮೂರು ಗಂಟೆಯೂ ಜಾಸ್ತಿಯೇ, ಅಂಥದ್ದಕ್ಕೆ ಅವಸರ ಬೇಕು. ಆದರೆ ಇಲಾಖೆಗೆ ಮುಜುಗರ ತರುವ ವಿಡಿಯೊಗೂ ಅದೇ ಮೂರು ಗಂಟೆ. ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ನೋಟಿಸ್ ಬಂದರೆ, ಬಾಡೂಟ ಮುಗಿಸಿ ಸಣ್ಣ ನಿದ್ದೆ ಮಾಡಿ ಏಳುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಅಷ್ಟರಲ್ಲಿ ಕನ್ನಡದ ಒಂದು ಪೋಸ್ಟನ್ನು ಓದಿ, ಇದು ಬೈಗುಳವೋ, ಗಾದೆಯೋ, ಮಂಡ್ಯದ ಪ್ರೀತಿಯ ಮಾತೋ ಅಂತ ಯಾರು ತೀರ್ಮಾನ ಮಾಡುತ್ತಾರೆ?

ಮೆಷಿನ್ ಮಾಡುತ್ತದೆ ಅನ್ನಬೇಡಿ. 2025ರ ಜುಲೈಯಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಕಚೇರಿ ಹಾಕಿದ ಕನ್ನಡದ ಸಂತಾಪವನ್ನು ಮೆಟಾದ ಅನುವಾದ ಯಂತ್ರ ಇಂಗ್ಲಿಷಿಗೆ ತಿರುಗಿಸಿದ್ದು ನೋಡಿ ಎಲ್ಲರೂ ಗಾಬರಿ ಬಿದ್ದರು. ಸಂತಾಪ ಹೇಳಿದ ಸಿದ್ದರಾಮಯ್ಯ ಅವರೇ ತೀರಿಹೋದರು ಅಂತ ಅದು ಬರೆದಿತ್ತು. ಮೆಟಾ ಕ್ಷಮೆ ಕೇಳಿ ಸರಿಪಡಿಸಿತು. ಮುಖ್ಯಮಂತ್ರಿಗಾದರೋ ಪತ್ರ ಬರೆಯೋಕೆ ಮಾಧ್ಯಮ ಸಲಹೆಗಾರರು ಇದ್ದಾರೆ.

ಹಾಗಾದರೆ ಕೋರ್ಟಿಗೇ ಬಿಟ್ಟುಬಿಡೋಣ, ಕೋರ್ಟ್ ಹೇಳಿದರೆ ಮಾತ್ರ ತೆಗೆಯೋಣ ಅಂತ ಎಕ್ಸ್ ಥರದವರು ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅದೇ ಜುಲೈಯಲ್ಲಿ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನ ಒಂದು ಆದೇಶ ಬಂತು. ಧರ್ಮಸ್ಥಳ ವಿಚಾರದಲ್ಲಿ ಮಾನಹಾನಿ ಆಗುತ್ತಿದೆ ಅಂತ ಹಾಕಿದ ದಾವೆ. ಎದುರು ಪಕ್ಷದವರನ್ನು ಕೇಳದೆಯೇ ಮಧ್ಯಂತರ ಆದೇಶ. ತೆಗೆಯಬೇಕಾದ ಲಿಂಕುಗಳ ಪಟ್ಟಿ ನೋಡಿ: ಯೂಟ್ಯೂಬಿನ 4,140 ವಿಡಿಯೊ, ಇನ್‌ಸ್ಟಾಗ್ರಾಮಿನ 3,584 ಪೋಸ್ಟ್, ಫೇಸ್‌ಬುಕ್ಕಿನ 932, ಸುದ್ದಿ ಬರಹ 108, ಟ್ವೀಟ್ 41, ರೆಡ್ಡಿಟ್ 37. ಒಟ್ಟು 8,842. ಒಂದೊಂದಕ್ಕೆ ಎರಡೆರಡು ನಿಮಿಷ ಕೊಟ್ಟು ನೋಡಿದರೂ, ಊಟ ನಿದ್ದೆ ಬಿಟ್ಟು ಹನ್ನೆರಡು ದಿನ ಬೇಕು. ಮಂಗಳೂರು ಕಡೆಯ 'ಕುಡ್ಲ ರ್‍ಯಾಂಪೇಜ್' ಅನ್ನುವ ಯೂಟ್ಯೂಬ್ ಚಾನೆಲ್ಲಿನವರು ಹೈಕೋರ್ಟಿಗೆ ಹೋದರು. ಆಗಸ್ಟ್ 1ರಂದು ಹೈಕೋರ್ಟ್ ಅವರ ಮೇಲಿನ ನಿರ್ಬಂಧವನ್ನು ರದ್ದು ಮಾಡಿತು. ರದ್ದು ಮಾಡಿದ ನ್ಯಾಯಮೂರ್ತಿ ಯಾರು ಗೊತ್ತಾ? ಎಂ. ನಾಗಪ್ರಸನ್ನ. ಎಕ್ಸ್ ಕೇಸಿನವರೇ.

ಇದರಲ್ಲಿ ವಿರೋಧಾಭಾಸ ಇದೆ ಅಂತ ಕೆಲವರು ಕಾಲೆಳೆದರು. ನನಗೆ ಹಾಗೆ ಕಾಣಿಸಲ್ಲ. ಆಗಸ್ಟಿನಲ್ಲಿ ಕೋರ್ಟಿನ ಮುಂದೆ ನಿಂತಿದ್ದು ಒಬ್ಬ ನಾಗರಿಕ. ನನ್ನ ವಿಡಿಯೊ ಹೋಗುತ್ತಿದೆ, ನನ್ನ ಮಾತು ಯಾರೂ ಕೇಳಿಲ್ಲ ಅಂತ ಅವರು ಬಂದು ಹೇಳಿದರು. ಹೇಳೋಕೆ ಆಗಿದ್ದು ಯಾಕೆಂದರೆ ಆ ಆದೇಶ ಬಹಿರಂಗವಾಗಿತ್ತು, ಓದೋಕೆ ಸಿಗುತ್ತಿತ್ತು. ಸೆಪ್ಟೆಂಬರಿನಲ್ಲಿ ನಿಂತಿದ್ದು ಕಂಪನಿ, ನಾಗರಿಕನ ಕುರ್ಚಿ ಖಾಲಿ ಇತ್ತು. ಕುಡ್ಲದವರಿಗೆ ಆದೇಶದ ಬದಲು ಪೋರ್ಟಲ್ಲಿನಿಂದ ಕಂಪನಿಗೆ ಒಂದು ನೋಟಿಸ್ ಹೋಗಿದ್ದರೆ, ಅವರು ಯಾವುದನ್ನು ಹಿಡಿದುಕೊಂಡು ಕೋರ್ಟಿಗೆ ಬರುತ್ತಿದ್ದರು?

ಇದು ದೆಹಲಿಯ ಚಾಳಿ ಮಾತ್ರ ಅಂತ ಬೆಂಗಳೂರಿನವರು ನಿಟ್ಟುಸಿರು ಬಿಡುವ ಹಾಗೂ ಇಲ್ಲ. 2025ರ ಜೂನಿನಲ್ಲಿ ನಮ್ಮ ರಾಜ್ಯದ್ದೇ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು ಹೊರಬಂದಿತ್ತು. ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ. ಯಾವುದು ಸುಳ್ಳು ಅಂತ ನೋಡೋಕೆ ಒಂದು ಪ್ರಾಧಿಕಾರ. ಕೇಂದ್ರದಲ್ಲಿ ಒಂದು ಪಕ್ಷ, ರಾಜ್ಯದಲ್ಲಿ ಇನ್ನೊಂದು. ಟಿವಿ ಚರ್ಚೆಯಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಕಿರುಚುತ್ತಾರೆ. ಪೋಸ್ಟ್ ತೆಗೆಸುವ ವಿಷಯಕ್ಕೆ ಬಂದಾಗ ಮಾತ್ರ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ.

ತೀರ್ಪಿನ ವಿರುದ್ಧ ಮೇಲ್ಮನವಿ ಹಾಕುತ್ತೇವೆ ಅಂತ ಎಕ್ಸ್ ಹೇಳಿತು. ಆಮೇಲೆ ಹಾಕಿಯೂ ಹಾಕಿತು. ಅಲ್ಲೂ ಕಂಪನಿ ತನ್ನ ಕೊಡೆ ಬಗ್ಗೆ ವಾದ ಮಾಡುತ್ತದೆ, ಸರ್ಕಾರ ತನ್ನ ಪೋರ್ಟಲ್ ಬಗ್ಗೆ. ನಾನು ಕಾಯುತ್ತಿರುವುದು ಆ 'ಅಥವಾ' ಏನಾಗುತ್ತದೆ ಅಂತ. ಅದನ್ನು 'ಮತ್ತು' ಅಂತ ಓದಿದರೆ, ಅದೇ ಮಾತನ್ನು ಸಹಯೋಗದ ನೋಟಿಸಿಗೂ ತಂದರೆ, ಬದಲಾಗುವುದು ಒಂದೇ ಪದ. ಅದಕ್ಕೆ ಹೊಸ ಕಾನೂನೂ ಬೇಡ, ಹೊಸ ಪೋರ್ಟಲ್ಲೂ ಬೇಡ. ಪೋಸ್ಟ್ ಹಾಕಿದವನ ಖಾತೆಯಲ್ಲಿ ಫೋನ್ ನಂಬರೋ ಇಮೇಲೋ ಇದ್ದೇ ಇರುತ್ತದೆ. ಜಾಹೀರಾತು ಕಳಿಸೋಕೆ ದಿನಾ ಬಳಸುವ ವಿಳಾಸ ಅದು.

ಈಳಿಗೆ ಮಣೆ ಏನಾಯಿತು ಅಂತ ಕೇಳುವವರಿಗೆ: ತೀರ್ಥಹಳ್ಳಿಯ ಅತ್ತೆ ತೆಗೆದುಕೊಂಡು ಹೋದರು. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ, ಗೋಣಿಚೀಲದಲ್ಲಿ ಸುತ್ತಿ. ಕಂಡಕ್ಟರ್ 'ಏನಮ್ಮಾ ಇದು' ಅಂತ ಕೇಳಿದನಂತೆ. ಅತ್ತೆ ಚೀಲ ಬಿಚ್ಚಿ ತೋರಿಸಿದರು. 'ಓ, ಈಳಿಗೆ ಮಣೆನಾ' ಅಂತ ಅವನೇ ಎತ್ತಿ ಸೀಟಿನ ಕೆಳಗೆ ತಳ್ಳಿದನಂತೆ.